ಕೆಂದಿ, ಗೌರಿ, ಮಲ್ಲಿ

ಮೊನ್ನೆ ತಂಗಿಯ ಮಗಳು ರಜಕ್ಕೆ ಬಂದಿದ್ದಳು. ಮೈಸೂರಲ್ಲಿ ನರ್ಸಿಂಗ್ ಓದುತ್ತಿರುವ ಹುಡುಗಿ. ಮಧ್ಯಾಹ್ನವೇ ಗೋಪಾಲಸ್ವಾಮಿ ಬೆಟ್ಟ ಮೋಡದೊಳಕ್ಕೆ ಹೊಕ್ಕು ಕಾಣದಾಯಿತು. ಬೆಟ್ಟ ಹಾಗೆ ಮರೆಯಾದರೆ ಸಂಜೆಗೆ ನಮ್ಮ ಕಡೆ ಮಳೆ ಅಂತಲೇ ಲೆಕ್ಕ. ಬಂತು. ಅದರ ಹಿಂದೆಯೇ ಕರೆಂಟು ಹೋಯಿತು. ಬೇಯಿಸಿದ ಕಡ್ಲೆಕಾಯಿಯ ಕುಕ್ಕೆಯನ್ನು ನಡುವೆ ಇಟ್ಟುಕೊಂಡು ಜಗಲಿ ಮೇಲೆ ಕೂತೆವು. ಹುಡುಗಿ ಸಿಪ್ಪೆ ಬಿಡಿಸುತ್ತಾ, ‘ಮಾವ, ಅಜ್ಜಿ ಸೊಂಟ ಮುರ್ಕೊಂಡು ಆಸ್ಪತ್ರೇಲಿದ್ರಲ್ಲ, ಅದನ್ನ ಸರಿಯಾಗಿ ಹೇಳು. ಅಮ್ಮ ಒಂದು ಹೇಳ್ತಾಳೆ, ನೀನು ಒಂದು ಹೇಳ್ತೀಯ’ ಅಂದಳು.

ಸರಿಯಾಗಿ ಹೇಳು ಅಂದರೆ ಕಷ್ಟ. ಆಗ ಅವಳು ತೊಟ್ಟಿಲ ಕೂಸು. ಅವ್ವ ತೀರಿಕೊಂಡೇ ಎಷ್ಟೋ ವರ್ಷವಾಯಿತು. ಕೆಲವು ಸಂಗತಿ ನಿನ್ನೆ ನಡೆದಂತಿವೆ, ಕೆಲವು ಒದ್ದೆ ಗೋಡೆಯ ಸುಣ್ಣದ ಹಾಗೆ ಉದುರಿಹೋಗಿವೆ. ಉಳಿದಿರುವುದನ್ನು ಹೇಳಿದೆ. ಅದನ್ನೇ ಇಲ್ಲಿಯೂ ಹೇಳುತ್ತೇನೆ.

ಹಸ್ತದ ಮಳೆ ಹಿಡಿದಿತ್ತು. ನಮ್ಮಲ್ಲಿ ಮುಂಗಾರು ಹಾದುಹೋಗುವುದೇ ಹೆಚ್ಚು, ಮೈ ತುಂಬ ನೆನೆಸುವುದು ಈ ಹಿಂದಿನ ಮಳೆಗಳೇ. ಓಣಂಗೆ ಕೇರಳಕ್ಕೆ ಹೋಗಿ ಉಳಿದ ಚೆಂಡುಹೂವು ಹೊಲದಲ್ಲೇ ತಲೆ ಬಗ್ಗಿಸಿ ಕೊಳೆಯುತ್ತಿತ್ತು. ಮಳೆಗೂ ಆ ಹೂವಿಗೂ ಸೇರಿ ಊರಿಗೆಲ್ಲ ಒಂದು ಘಾಟು ವಾಸನೆ. ಪಕ್ಷ ಶುರುವಾಗಿತ್ತು. ಮಾರ್ಲಮಿ ಅಮಾವಾಸ್ಯೆಗೆ ಇನ್ನೊಂದು ವಾರ ಹತ್ತು ದಿನ ಇತ್ತೇನೋ. ಹಿರಿಯರಿಗೆ ಎಡೆ ಇಡುವ ಮನೆ ಅಂತ ಅವ್ವ ಗೋಡೆಗೆ ಸುಣ್ಣ ಬಳಿಸಿ, ನೆಲ ಸಾರಿಸಿ, ಮಡಕೆ ಕುಡಿಕೆ ತೊಳೆದು ಓಡಾಡುತ್ತಿದ್ದಳು. ಆ ಸಂಜೆ ಹಿತ್ತಿಲಲ್ಲಿ ಕರು ಮಲ್ಲಿ ನೆನೆಯುತ್ತಿದೆ ಅಂತ ಬಿಚ್ಚಲು ಹೋದವಳು, ಒಗೆಯುವ ಕಲ್ಲಿನ ಪಾಚಿಗೆ ಕಾಲಿಟ್ಟು ಜಾರಿದಳು.

ಕೂಗಲಿಲ್ಲ. ನಾನು ಹೋಗಿ ನೋಡಿದಾಗ ಮಳೆಯಲ್ಲೇ ಮಲಗಿದ್ದಾಳೆ, ಕೈಯಲ್ಲಿ ಕರುವಿನ ಹಗ್ಗ ಹಾಗೇ ಇದೆ. ಬಲಗಾಲು ಎಡಗಾಲಿಗಿಂತ ಒಂದಿಷ್ಟು ಗಿಡ್ಡವಾದ ಹಾಗೆ ಕಂಡಿತು, ಪಾದ ಹೊರಕ್ಕೆ ಹೊರಳಿಕೊಂಡಿತ್ತು. ತೊಡೆಯ ಮೇಲ್ತುದಿ ಮುರಿದರೆ ಕಾಲು ಹಾಗೆ ಕಾಣುತ್ತದೆ ಅಂತ ಆಮೇಲೆ ಗೊತ್ತಾಯಿತು. ಚಿಕ್ಕವ್ವ ಮೂಳೆ ಕಟ್ಟುವವರ ಹತ್ತಿರ ಹೋಗೋಣ ಅಂದಳು. ಭಾವ ಬೇಡ ಅಂದರು. 108 ಬಂಡಿ ಆಗಿನ್ನೂ ಬಂದಿರಲಿಲ್ಲ. ಬಾಳೆಗೊನೆ ಸಾಗಿಸುವ ಟೆಂಪೋಗೆ ಹುಲ್ಲು ಹಾಸಿ, ಮೇಲೆ ಕಂಬಳಿ ಹಾಸಿ, ಗುಂಡ್ಲುಪೇಟೆಗೆ ಒಯ್ದೆವು. ಅಲ್ಲಿ ಎಕ್ಸ್‌ರೇ ತೆಗೆದು, ಕಾಲಿಗೆ ಆಸರೆ ಕಟ್ಟಿ, ಚಾಮರಾಜನಗರಕ್ಕೆ ಕರೆದುಕೊಂಡು ಹೋಗಿ ಅಂದರು. ಬಂಡೀಪುರದ ರಸ್ತೆಯನ್ನು ರಾತ್ರಿ ಮುಚ್ಚುವ ಕಾನೂನು ಬಂದದ್ದು 2009ರಲ್ಲಿ. ಆಗಿನ್ನೂ ಅದಿಲ್ಲ, ಹಾಗಾಗಿ ಪೇಟೆಯೊಳಗೆ ಕೇರಳದ ಲಾರಿಗಳು ರಾತ್ರಿಯೆಲ್ಲ ಸಾಲುಗಟ್ಟಿ ಓಡುತ್ತಿದ್ದವು. ಅವುಗಳ ದೀಪದ ಬೆಳಕು ಬಂದು ಹೋದ ಹಾಗೆಲ್ಲ ಅವ್ವನ ಮುಖ ಕಾಣುತ್ತಿತ್ತು. ತೆರಕಣಾಂಬಿ ದಾಟುವವರೆಗೂ ಪ್ರತಿ ಗುಂಡಿಗೂ ಒಂದು ‘ಮಾದಪ್ಪಾ’ ಅನ್ನುತ್ತಿದ್ದಳು. ಆಮೇಲೆ ಅದೂ ನಿಂತಿತು. ಬರೀ ಹಲ್ಲು ಕಚ್ಚಿಕೊಂಡಿದ್ದಳು.

ಆಸ್ಪತ್ರೆಯ ಆ ಉದ್ದನೆಯ ವಾರ್ಡಿನಲ್ಲೇ ನಮಗೆ ಸಿಸ್ಟರಮ್ಮ ಸಿಕ್ಕಿದ್ದು. ಹೆಸರು ಹಿಡಿದು ಅವರನ್ನು ಯಾರೂ ಕರೆಯುತ್ತಿರಲಿಲ್ಲ. ಕೊಳ್ಳೇಗಾಲದ ಕಡೆಯವರು, ನಲವತ್ತೈದರ ಆಸುಪಾಸು. ನಡೆದರೆ ಎಡಗಾಲಿನ ಚಪ್ಪಲಿ ಮಾತ್ರ ಟಪ್ ಅನ್ನುತ್ತಿತ್ತು. ಕತ್ತಲಲ್ಲಿ ಆ ಸದ್ದು ಕೇಳಿದರೇ ನಮಗೊಂದು ಧೈರ್ಯ. ಎದೆಯ ಮೇಲೆ ಪಿನ್ನು ಹಾಕಿ ತಲೆಕೆಳಗಾಗಿ ತೂಗಿಬಿಟ್ಟ ಗಡಿಯಾರ. ನಮಗೆ ತಲೆಕೆಳಗು, ಬಗ್ಗಿ ನೋಡುವ ಅವರಿಗೆ ನೆಟ್ಟಗೆ. ಡಬ್ಬಿಯಲ್ಲಿ ದಿನಾ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ. ತಿನ್ನುವುದು ಮಾತ್ರ ಯಾವಾಗ ಅಂತ ನಾನು ನೋಡಲೇ ಇಲ್ಲ.

ಅವರಿಗೊಂದು ಚಾಳಿ ಇತ್ತು. ಹೊಸದಾಗಿ ಬಂದ ಯಾರನ್ನೇ ಆಗಲಿ, ಕಾಯಿಲೆ ಕೇಳುವ ಮೊದಲು ಮನೆ ಮಾತು ಕೇಳುತ್ತಿದ್ದರು. ಅವ್ವನನ್ನು ಮಂಚಕ್ಕೆ ಮಲಗಿಸಿದ ಹೊತ್ತಿಗೇ, ನೋವಿನಲ್ಲಿ ಅವಳು ನರಳುತ್ತಿರುವಾಗಲೇ, ಕೈ ಹಿಡಿದುಕೊಂಡು, ‘ಹಟ್ಟೀಲಿ ಹಸ ಎಷ್ಟವ್ವಾ?’ ಅಂದರು.

‘ಮೂರವ ಕನವ್ವ. ದೊಡ್ಡದು ಕೆಂದಿ. ಅದರ ಮಗಳು ಗೌರಿ. ಗೌರಿ ಕರ ಮಲ್ಲಿ.’

‘ಹಾಲು?’

‘ಗೌರಿದು ಮೂರು ಸೇರು. ಕೆಂದಿ ಬತ್ತೋಗದ.’

ಇಂಥ ಹೊತ್ತಲ್ಲಿ ಇದೇನು ಹರಟೆ ಅಂತ ನನಗೆ ಸಿಟ್ಟೇ ಬಂದಿತ್ತು. ಸಿಸ್ಟರಮ್ಮ ತಮ್ಮ ಪುಟ್ಟ ಪುಸ್ತಕದಲ್ಲಿ ಏನೋ ಬರೆದುಕೊಂಡರು.

ಎರಡು ದಿನ ಬಿಟ್ಟು ಆಪರೇಷನ್ ಆಯಿತು. ಪ್ಲೇಟು, ಸ್ಕ್ರೂ ಹಾಕಿದರು. ಗಂಡಾಂತರ ಕಳೆಯಿತು ಅಂತ ನಾವೆಲ್ಲ ಟೀ ಕುಡಿದು ಬಂದೆವು. ಸಿಸ್ಟರಮ್ಮನ ಮುಖ ನೋಡಿದರೆ ಅವರ ಕೆಲಸ ಆಗ ಶುರುವಾದ ಹಾಗಿತ್ತು. ವಯಸ್ಸಾದವರು ಮುರಿದ ಮೂಳೆಯಿಂದ ಸೋಲುವುದು ಕಡಿಮೆ, ಮಲಗಿದ್ದರಿಂದ ಸೋಲುವುದೇ ಹೆಚ್ಚು. ಮಲಗಿದಲ್ಲೇ ಇದ್ದರೆ ಎದೆಯಲ್ಲಿ ಕಫ ಕಟ್ಟುತ್ತದೆ, ಕಾಲಿನ ರಕ್ತ ಹೆಪ್ಪುಗಟ್ಟುತ್ತದೆ, ಬೆನ್ನು ಹುಣ್ಣಾಗುತ್ತದೆ, ಮೂತ್ರಕ್ಕೆ ಹಾಕಿದ ನಳಿಕೆಯಿಂದ ಸೋಂಕು ಹತ್ತುತ್ತದೆ. ಇದನ್ನೆಲ್ಲ ಅವರು ಪಾಠದ ಹಾಗೆ ಹೇಳಲಿಲ್ಲ. ನನ್ನ ಕೈಯಿಂದಲೇ ಮಾಡಿಸಿದರು. ಎರಡೆರಡು ಗಂಟೆಗೆ ಅವ್ವನನ್ನು ಹೊರಳಿಸಬೇಕು, ಮೊಣಕಾಲುಗಳ ನಡುವೆ ದಿಂಬು ಇರಬೇಕು. ಹಿಮ್ಮಡಿ ಹಾಸಿಗೆಗೆ ತಾಗಬಾರದು, ಕೆಳಗೆ ಮಡಿಸಿದ ಟವೆಲು. ಹೊರಳಿಸಿದಾಗಲೆಲ್ಲ ಬೆನ್ನಿನ ಬುಡದ ಮೂಳೆ ಹತ್ತಿರ ಕೆಂಪಾಗಿದೆಯಾ ನೋಡಬೇಕು. ಕೆಂಪಾಗಿದ್ದರೆ ಬೆರಳಿಂದ ಒತ್ತಿ ಬಿಡಬೇಕು.

‘ಒತ್ತಿದ್ರೆ ಬೆಳ್ಳಗಾಗಿ ಮತ್ತೆ ಕೆಂಪಾದ್ರೆ ಪರವಾಗಿಲ್ಲ ಅಣ್ಣ. ಒತ್ತಿದ್ರೂ ಕೆಂಪಗೇ ಇದ್ರೆ ಚರ್ಮದೊಳಗೆ ಹುಣ್ಣು ಶುರುವಾಗದ ಅಂತ. ಕಣ್ಣಿಗೆ ಕಾಣೋ ಹೊತ್ತಿಗೆ ತಡ ಆಗಿರ್ತದ.’

ನೀರಿನ ಬಾಟಲಿಗೆ ಡ್ರಿಪ್ಪಿನ ಪೈಪು ತುಂಡು ಇಳಿಬಿಟ್ಟು, ಗುಳುಗುಳು ಅನ್ನುವ ಹಾಗೆ ಗಂಟೆಗೆ ಹತ್ತು ಸಲ ಊದಿಸುವುದೂ ಇತ್ತು. ಎದೆಯ ಮೂಲೆ ಮೂಲೆಯ ಗಾಳಿಗೂಡು ತೆರೆಯಲಿ ಅಂತ. ಅವ್ವನಿಗೆ ಅದು ನಾಚಿಕೆ. ‘ಕೂಸುಗೋಳಂಗ ಆಟ ಆಡುಸ್ತೀರ’ ಅನ್ನುತ್ತಿದ್ದಳು. ಆಡುತ್ತಲೂ ಇದ್ದಳು.

ಇಲ್ಲಿ ಒಂದು ಅಡ್ಡಮಾತು. ಹೆಂಗಸರ ವಾರ್ಡಿನಲ್ಲಿ ರಾತ್ರಿ ಗಂಡಸರು ಹೆಚ್ಚು ಹೊತ್ತು ಇರುವ ಹಾಗಿಲ್ಲ. ಚಿಕ್ಕವ್ವ ಒಳಗೆ, ನಾನು ಹೊರಗೆ ಪಡಸಾಲೆಯಲ್ಲಿ ಚಾಪೆ ಹಾಕುತ್ತಿದ್ದೆ. ಎದುರಿಗೆ ಗಂಡಸರ ವಾರ್ಡು. ಅಲ್ಲೊಬ್ಬ ಹುಡುಗ, ಬೈಕಿನಿಂದ ಬಿದ್ದು ಮೊಣಕಾಲ ಕೆಳಗೆ ಮುರಿದು ಹಿಟ್ಟಿನ ಕಟ್ಟು ಹಾಕಿಸಿಕೊಂಡಿದ್ದ. ಸಂಜೆಯಿಂದ ಒಂದೇ ಸಮ ಅರಚುತ್ತಿದ್ದ. ನೋವಿನ ಇಂಜೆಕ್ಷನ್ ಕೊಟ್ಟಾಗಿತ್ತು. ಪಕ್ಕದ ಮಂಚದವರು, ‘ಗಂಡ್ಸಾಗಿ ಹಿಂಗ್ ಅರಚ್ತೀಯಲ್ಲ’ ಅಂತ ಬೈದರು. ಅವನ ಅಪ್ಪನೂ ಬೈದ. ಎರಡೂ ವಾರ್ಡು ನೋಡುತ್ತಿದ್ದ ಸಿಸ್ಟರಮ್ಮ ಬಂದು, ಏನೂ ಮಾತಾಡದೆ, ಕಟ್ಟಿನಾಚೆ ಕಾಣುತ್ತಿದ್ದ ಅವನ ಹೆಬ್ಬೆರಳನ್ನು ಮೆಲ್ಲಗೆ ಮೇಲಕ್ಕೆ ಬಗ್ಗಿಸಿದರು. ಹುಡುಗ ಮಂಚದಿಂದ ಎದ್ದೇಬಿಟ್ಟ. ಸಿಸ್ಟರಮ್ಮ ನೇರ ಡಾಕ್ಟರ ಕೋಣೆಗೆ ಹೋದರು. ಅರ್ಧ ಗಂಟೆಯೊಳಗೆ ಆ ಕಟ್ಟನ್ನು ಉದ್ದಕ್ಕೆ ಸೀಳಿದರು. ಹುಡುಗ ‘ಅಬ್ಬಾ’ ಅಂದದ್ದು ನನಗೆ ಪಡಸಾಲೆಗೂ ಕೇಳಿಸಿತು.

ಮರುದಿನ ಕೇಳಿದೆ. ಮುರಿದ ಕಾಲು ಒಳಗೆ ಊದುತ್ತದೆ, ಕಟ್ಟು ಊದುವುದಕ್ಕೆ ಜಾಗ ಕೊಡುವುದಿಲ್ಲ, ಒಳಗಿನ ಒತ್ತಡಕ್ಕೆ ಮಾಂಸಕ್ಕೆ ರಕ್ತ ಸಿಗುವುದಿಲ್ಲ, ಕೆಲವೇ ಗಂಟೆಗಳಲ್ಲಿ ಮಾಂಸಖಂಡ ಸತ್ತುಹೋಗಬಹುದು. ‘ಔಷಧಿ ಕೊಟ್ಟ ಮೇಲೂ ನೋವು ಏರ್ತಾನೇ ಇದ್ರೆ, ಅರಚೋರನ್ನ ಬೈಬಾರ್ದು ಅಣ್ಣ, ನಂಬಬೇಕು’ ಅಂದರು. ಈ ಮಾತು ನನ್ನ ನೆನಪಿನಲ್ಲಿ ಒಂದು ಅಕ್ಷರ ಸವೆದಿಲ್ಲ.

ಇನ್ನೊಂದು ಮಗು. ಬಿಳಿಗಿರಿರಂಗನ ಬೆಟ್ಟದ ಕಡೆಯ ಸೋಲಿಗರ ಹೆಣ್ಣುಮಗು, ಎಂಟೊಂಬತ್ತು ವರ್ಷ. ಕೈಕಾಲು ನೋವು ಅಂತ ತಂದಿದ್ದರು. ಬಿದ್ದಿರಬೇಕು ಅಂದುಕೊಂಡಿದ್ದರು ಎಲ್ಲರೂ. ಸಿಸ್ಟರಮ್ಮ ‘ಯಾವ ಪೋಡು ಮೊಗಾ?’ ಅಂತ ಕೇಳಿ, ಕಣ್ಣರೆಪ್ಪೆ ಕೆಳಕ್ಕೆಳೆದು ನೋಡಿ, ಡಾಕ್ಟರಿಗೆ ರಕ್ತ ಪರೀಕ್ಷೆಯ ಮಾತು ಹೇಳಿದರು. ಸೋಲಿಗರಲ್ಲಿ ಕೆಲವರಿಗೆ ಹುಟ್ಟಿನಿಂದಲೇ ರಕ್ತದ ಕಣ ಕುಡುಗೋಲಿನ ಹಾಗೆ ಬಾಗುವ ಕಾಯಿಲೆ ಇರುತ್ತದೆ, ಸಿಕಲ್ ಸೆಲ್ ಅನ್ನುತ್ತಾರೆ. ಡಾಕ್ಟರ್ ಸುದರ್ಶನ್ ಅವರು 1981ರಲ್ಲಿ ಬೆಟ್ಟದಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದವರು ಅದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಆ ಮಗುವಿಗೆ ಅದೇ ಇತ್ತೋ ಇಲ್ಲವೋ ನಾನು ವಿಚಾರಿಸಲಿಲ್ಲ. ಆದರೆ ಯಾವ ಊರು, ಯಾವ ಪೋಡು, ಹಸು ಎಷ್ಟು ಅನ್ನುವ ಆ ಪ್ರಶ್ನೆಗಳು ಹರಟೆಯಲ್ಲ ಅನ್ನುವುದು ಅಂದೇ ಸ್ವಲ್ಪ ಹೊಳೆದದ್ದು.

ಈಗ ಆ ರಾತ್ರಿಗೆ ಬರುತ್ತೇನೆ.

ಆಪರೇಷನ್ ಆಗಿ ನಾಲ್ಕನೇ ದಿನ. ಚಿಕ್ಕವ್ವ ಅವತ್ತು ಅಮಾವಾಸ್ಯೆ ಅಂತಲೇ ಕಡೆಯವರೆಗೂ ಹೇಳಿದಳು. ನನಗೆ ಅಮಾವಾಸ್ಯೆಯ ಹಿಂದಿನ ದಿನ ಅಂತ ನೆನಪು. ಇರಲಿ. ಸಂಜೆ ಬಸ್ಸಿಗೆ ಚಿಕ್ಕವ್ವ ಊರಿಂದ ಅಡುಗೆ ತಂದಿದ್ದಳು. ಮುದ್ದೆ, ಉಪ್ಸಾರು, ಬೇರೆ ಡಬ್ಬಿಯಲ್ಲಿ ಕಾರ. ಆಸ್ಪತ್ರೆಯ ಬ್ರೆಡ್ಡು, ಗಂಜಿಯಿಂದ ಬೇಸತ್ತಿದ್ದ ಅವ್ವನಿಗೆ ಆ ಸೊಪ್ಪಿನ ವಾಸನೆಗೇ ಕಣ್ಣು ಅರಳಿತು. ಅವಳನ್ನು ಎಬ್ಬಿಸಿ ಕೂರಿಸಿದರೆ ಸೊಂಟ ಹಿಂಡುತ್ತದೆ. ‘ಬ್ಯಾಡ ಕನ ಮಗ, ಹಿಂಗೇ ಕೊಡು’ ಅಂದಳು. ನಾನು ಮುದ್ದೆಯನ್ನು ಸಾರಿನಲ್ಲಿ ಕಲಸಿ ತೆಳ್ಳಗೆ ಮಾಡಿ, ಮಲಗಿದ್ದವಳ ಬಾಯಿಗೇ ಚಮಚದಲ್ಲಿ ಬಿಟ್ಟೆ. ನಮ್ಮ ಕಡೆ ಮುದ್ದೆ ಅಗಿಯುವುದಿಲ್ಲವಲ್ಲ, ನುಂಗುವುದು. ಕೂತು ನುಂಗುವವರಿಗೆ ಅದು ಸರಿ. ಮಲಗಿ, ನೋವಿನ ಮದ್ದಿನ ಮಂಪರಿನಲ್ಲಿರುವ ಎಪ್ಪತ್ತರ ಮುದುಕಿಗೆ ಅದು ಹೊಟ್ಟೆಯ ದಾರಿ ಬಿಟ್ಟು ಉಸಿರಿನ ದಾರಿ ಹಿಡಿಯಬಹುದು ಅನ್ನುವುದು ನನಗೆ ಗೊತ್ತಿರಲಿಲ್ಲ. ಎರಡು ಸಲ ಕೆಮ್ಮಿದಳು. ನೀರು ಕುಡಿಸಿದೆ, ಅದೂ ಮಲಗಿದ ಹಾಗೇ. ಪ್ರೀತಿಯಿಂದ ಮಾಡಿದ ಆ ತಪ್ಪನ್ನು ನೆನೆದರೆ ಇವತ್ತಿಗೂ ನನ್ನ ಹೊಟ್ಟೆ ತೊಳಸುತ್ತದೆ.

ಎರಡು ಮಂಚದಾಚೆ ಯಾರಿಗೋ ಇಂಜೆಕ್ಷನ್ ಕೊಡುತ್ತಿದ್ದ ಸಿಸ್ಟರಮ್ಮ ಅವ್ವನ ಮಾತು ಕೇಳಿಯೇ ತಿರುಗಿದರು. ಅವ್ವ ‘ಸಾಕು ಕನಾ’ ಅಂದಿದ್ದಳು, ಅಷ್ಟೇ. ಬಂದು ನನ್ನ ಕೈಯಿಂದ ಚಮಚ ತೆಗೆದುಕೊಂಡರು.

‘ಅವ್ವ, ಒಂದ್ಸಲ ಆ… ಅನ್ನಿ.’

ಅವ್ವ ಆ ಅಂದಳು. ದನಿ ಒದ್ದೆಯಾಗಿತ್ತು. ಕುದಿಯುವ ಮಡಕೆಯೊಳಗಿಂದ ಬಂದ ಹಾಗೆ. ಎದುರಿಗೇ ಕೂತು ಉಣ್ಣಿಸುತ್ತಿದ್ದ ನನ್ನ ಕಿವಿಗೆ ಅದು ಬಿದ್ದಿರಲಿಲ್ಲ.

ಬೈಯಲಿಲ್ಲ. ಅವ್ವನ ತಲೆಯ ಕಡೆ ಎತ್ತರ ಮಾಡಿಸಿ, ಕೆಮ್ಮಿಸಿ, ಬಾಯಿ ಶುದ್ಧ ಮಾಡಿದರು. ಇನ್ನು ಮೇಲೆ ಕೂರಿಸದೆ ಒಂದು ತೊಟ್ಟು ನೀರೂ ಬೇಡ, ಉಂಡ ಮೇಲೆ ಅರ್ಧ ಗಂಟೆ ಮಲಗಿಸುವುದೂ ಬೇಡ ಅಂದರು. ಆಮೇಲೆ ಅವ್ವನ ಮಣಿಕಟ್ಟು ಹಿಡಿದು ನಿಂತರು. ನಾಡಿ ನೋಡುತ್ತಿದ್ದಾರೆ ಅಂದುಕೊಂಡೆ. ಕಣ್ಣು ಮಾತ್ರ ಅವ್ವನ ಎದೆಯ ಮೇಲಿತ್ತು. ಉಸಿರು ಎಣಿಸುತ್ತಿದ್ದೇವೆ ಅಂತ ಗೊತ್ತಾದರೆ ಮನುಷ್ಯ ಉಸಿರಾಟವನ್ನೇ ಬದಲಿಸಿಬಿಡುತ್ತಾನಂತೆ. ಅದಕ್ಕೇ ನಾಡಿಯ ನೆಪ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದಲ್ಲ, ಪೂರ್ತಿ ಒಂದು ನಿಮಿಷ. 18 ಇತ್ತು. ಬರೆದುಕೊಂಡರು. ನಾನು ನಿಟ್ಟುಸಿರು ಬಿಟ್ಟೆ. ಅವರು, ‘ಇವತ್ತು ರಾತ್ರಿ ನಾ ಬತ್ತಾ ಇರ್ತೀನಿ’ ಅಂದರು.

ಹೊರಗೆ ಮಳೆ. ಪಡಸಾಲೆಯ ಹಂಚಿನಿಂದ ನೀರು ಸುರಿದು ನನ್ನ ಚಾಪೆಯ ಅರ್ಧ ನೆನೆದಿತ್ತು. ಟಪ್, ಟಪ್ ಅಂತ ಆ ಚಪ್ಪಲಿ ಗಂಟೆಗೊಂದು ಸಲ ಒಳಗೆ ಹೋಗುವುದು, ಬರುವುದು. ಹನ್ನೊಂದರ ಹೊತ್ತಿಗೆ 22 ಆಗಿತ್ತಂತೆ. ಆಗ ಅವ್ವ ಸುಮ್ಮನೆ ಮಲಗಿದ್ದಳು, ಬೆರಳಿಂದ ಹೊದಿಕೆಯ ಅಂಚು ಕೀಳುತ್ತಿದ್ದಳು, ಅಷ್ಟೇ. ಜ್ವರ ಇಲ್ಲ. ಬಿ.ಪಿ. ಸರಿಯಾಗಿದೆ. ಬೇರೆ ಯಾರು ನೋಡಿದ್ದರೂ ಮುದುಕಿಗೆ ನಿದ್ದೆ ಬಂದಿಲ್ಲ ಅಂದುಕೊಂಡು ಮುಂದೆ ಹೋಗುತ್ತಿದ್ದರು.

ಎರಡು ಗಂಟೆ ಇರಬೇಕು, ಚಿಕ್ಕವ್ವ ಓಡಿಬಂದು ನನ್ನನ್ನು ಎಬ್ಬಿಸಿದಳು. ‘ಬಾ ಮಗ, ಅಕ್ಕ ಯಾರನ್ನೋ ಕರೀತಾವ್ಳ.’ ಒಳಗೆ ಹೋದರೆ ಅವ್ವ ಮಂಚದ ಕಾಲ್ದೆಸೆ ನೋಡುತ್ತಾ, ‘ಅಪ್ಪ ಬಂದು ಕುಂತವ್ನ, ಎಡ ಬಡಿಸ್ರವ್ವ, ಎಲ ಹಾಕ್ರವ್ವ’ ಅನ್ನುತ್ತಿದ್ದಾಳೆ. ನನ್ನ ತಾತ ಸತ್ತು ಮೂವತ್ತು ವರ್ಷ. ಚಿಕ್ಕವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ‘ಮಾರ್ಲಮಿ ರಾತ್ರಿ ಕನ. ಹಿರೀಕ್ರು ಕರಿಯಾಕ ಬಂದವ್ರ. ಊರ್ಗ ಹೇಳ್ಕಳ್ಸು.’ ಪಕ್ಕದ ಮಂಚದ ಅಜ್ಜಿ ಎದ್ದು ಕೂತು ಕೈ ಮುಗಿದಳು. ನನ್ನ ಕೈಕಾಲೂ ಸೋತಿತು. ಸುಳ್ಳೇಕೆ, ಕರೆಯಲು ಬಂದಿದ್ದಾರೆ ಅಂತ ನಾನೂ ನಂಬಿದೆ.

ಸಿಸ್ಟರಮ್ಮ ಆಗಲೇ ಅಲ್ಲಿದ್ದರು. ಅವ್ವನ ಮುಖದ ಹತ್ತಿರ ಬಗ್ಗಿ, ಮೊದಲ ದಿನದ ಅದೇ ದನಿಯಲ್ಲಿ, ‘ಅವ್ವ, ಹಟ್ಟೀಲಿ ಹಸ ಎಷ್ಟು?’ ಅಂದರು.

ಅವ್ವ ಅವರನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ‘ಒಂದದ’ ಅಂದಳು. ‘ಬೋರಿ.’

ಬೋರಿ ಅನ್ನುವ ಎಮ್ಮೆ ಇತ್ತು, ನಾನು ಚಿಕ್ಕವನಿದ್ದಾಗ.

ಕೈ ಹಿಡಿದು, ಗಡಿಯಾರ ನೋಡಿ, ಪೂರ್ತಿ ಒಂದು ನಿಮಿಷ ನಿಂತರು. ಚಿಕ್ಕವ್ವ ಅಳುತ್ತಿದ್ದಾಳೆ, ಅಜ್ಜಿ ಮಾದಪ್ಪನ ಹೆಸರು ಹೇಳುತ್ತಿದ್ದಾಳೆ, ಮಳೆ ಸುರಿಯುತ್ತಿದೆ. ಆ ನಿಮಿಷವನ್ನು ಅವರು ಅರ್ಧಕ್ಕೆ ಬಿಡಲಿಲ್ಲ. ಆಮೇಲೆ ಚಿಕ್ಕವ್ವನ ಭುಜ ಮುಟ್ಟಿ, ‘ಯಾರೂ ಕರಿಯಾಕ ಬಂದಿಲ್ಲ ಕನವ್ವ. ಇವರ್ಗ ಉಸಿರು ಸಾಲ್ತಿಲ್ಲ’ ಅಂದರು.

ವಾರ್ಡ್ ಬಾಯ್‌ನನ್ನು ಕಳಿಸದೆ ತಾವೇ ಡಾಕ್ಟರನ್ನು ಕರೆಯಲು ಹೋದರು. ಹೋಗುವ ಮುನ್ನ ನನ್ನನ್ನು ಮಂಚದ ಮೇಲೆ, ಅವ್ವನ ಬೆನ್ನ ಹಿಂದೆ, ಕಾಲು ಅಗಲಿಸಿ ಕೂರಿಸಿ, ಅವಳನ್ನು ಮೆಲ್ಲಗೆ ಎತ್ತಿ ನನ್ನ ಎದೆಗೆ ಒರಗಿಸಿದರು. ಆ ಮಂಚಕ್ಕೆ ತಲೆಭಾಗ ಎತ್ತುವ ಹಿಡಿ ಕೆಟ್ಟಿತ್ತು, ಹಾಗಾಗಿ ನಾನೇ ದಿಂಬು. ಡಾಕ್ಟರು ಚಿಕ್ಕ ವಯಸ್ಸಿನವರು, ನಿದ್ದೆಗಣ್ಣಿನಲ್ಲೇ ಓಡಿಬಂದರು. ಸಿಸ್ಟರಮ್ಮ ಅವರಿಗೆ ‘ಯಾಕೋ ಸರಿಯಿಲ್ಲ ಸರ್’ ಅನ್ನಲಿಲ್ಲ. ಒಂದೇ ಉಸಿರಿಗೆ ಹೇಳಿದರು: ಸಂಜೆ ಏಳಕ್ಕೆ ಉಸಿರು 18, ಹನ್ನೊಂದಕ್ಕೆ 22, ಈಗ 28. ನಾಡಿ 112. ಜ್ವರ ಇಲ್ಲ. ಮೂತ್ರ ರಾತ್ರಿಯಿಂದ ಕಡಿಮೆ. ಸಂಜೆ ಉಣ್ಣುವಾಗ ಕೆಮ್ಮಿದ್ದರು, ದನಿ ಒದ್ದೆಯಾಗಿತ್ತು. ಬಂದ ದಿನ ಮೂರು ಹಸುವಿನ ಹೆಸರು ಸರಿಯಾಗಿ ಹೇಳಿದ್ದರು, ಈಗ ತಪ್ಪು ಹೇಳುತ್ತಿದ್ದಾರೆ.

ಹಸುವಿನ ಮಾತಿಗೆ ಡಾಕ್ಟರು ನಗಲಿಲ್ಲ. ಸ್ಟೆತಸ್ಕೋಪನ್ನು ಅವ್ವನ ಬೆನ್ನಿನ ಬಲಗಡೆ ಕೆಳಗೆ ಬಹಳ ಹೊತ್ತು ಇಟ್ಟರು. ಬೆರಳಿಗೆ ಕಚ್ಚಿಸುವ ಯಂತ್ರ ಆಪರೇಷನ್ ಕೋಣೆಯಿಂದ ಬಂತು. ಕೊರೋನಾ ಕಾಲದಲ್ಲಿ ಮನೆ ಮನೆಗೆ ಬಂತಲ್ಲ, ಅದೇ. ನಾನು ಅದನ್ನು ಮೊದಲ ಸಲ ನೋಡಿದ್ದು ಅಂದು. ಆಮ್ಲಜನಕ 90ರ ಆಸುಪಾಸು ತೋರಿಸಿತು. ಸಿಲಿಂಡರ್ ಉರುಳಿಸಿಕೊಂಡು ಬಂದರು, ರಕ್ತ ತೆಗೆದರು, ಆ್ಯಂಟಿಬಯಾಟಿಕ್ ರಾತ್ರಿಯೇ ಹತ್ತಿಸಿದರು. ಬೆಳಿಗ್ಗೆಯ ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಬುಡದಲ್ಲಿ ಮೋಡ ಕವಿದ ಹಾಗೆ ಬೆಳ್ಳಗೆ ಕಂಡಿತು. ನ್ಯುಮೋನಿಯಾ. ಬೆಳಗಿನ ರೌಂಡ್ಸ್ ತನಕ ಕಾದಿದ್ದರೆ ಕೈಮೀರುತ್ತಿತ್ತು ಅಂತ ಡಾಕ್ಟರು ಭಾವನ ಹತ್ತಿರ ಹೇಳಿದರಂತೆ.

ಬೆಳಗಾಗುವವರೆಗೂ ನಾನು ಹಾಗೇ ಕೂತಿದ್ದೆ. ಅವ್ವನ ಬೆನ್ನು ನನ್ನ ಎದೆಗೆ. ಅವಳ ಒಂದೊಂದು ಉಸಿರೂ ನನ್ನ ಪಕ್ಕೆಗೆ ತಾಗುತ್ತಿತ್ತು. ಮೊದಲು ಓಡುವ ನಾಯಿಯ ಹಾಗೆ, ಮೇಲೆ ಮೇಲೆ, ಗಿಡ್ಡಗಿಡ್ಡಕ್ಕೆ. ಗೋಡೆ ಗಡಿಯಾರ ನೋಡಿ ನಾನೂ ಎಣಿಸತೊಡಗಿದೆ. ನನ್ನ ಲೆಕ್ಕ ಪದೇಪದೇ ತಪ್ಪುತ್ತಿತ್ತು. ಕೋಳಿ ಕೂಗುವ ಹೊತ್ತಿಗೆ ಉಸಿರು ಸ್ವಲ್ಪ ಉದ್ದವಾಯಿತು. ಇಪ್ಪತ್ತನಾಲ್ಕು ಎಣಿಸಿದೆ. ಎಷ್ಟು ವರ್ಷ ಅವಳ ಜೊತೆ ಬದುಕಿದ್ದೆ, ಅವಳು ಉಸಿರಾಡುವುದನ್ನು ಅದಕ್ಕೆ ಮೊದಲು ನೋಡಿಯೇ ಇರಲಿಲ್ಲ.

ಕಡ್ಲೆಕಾಯಿ ಮುಗಿಯುತ್ತಾ ಬಂದಿತ್ತು. ತಂಗಿಯ ಮಗಳು ಸಿಪ್ಪೆ ಗುಡ್ಡೆ ಮಾಡುತ್ತಾ, ‘ಮಾವ, ಅದಕ್ಕೆ ಈಗ ಚಾರ್ಟೇ ಇದೆ ಗೊತ್ತಾ?’ ಅಂದಳು. ಇಂಗ್ಲೆಂಡಿನ ವೈದ್ಯರ ಸಂಘ 2012ರಲ್ಲಿ ಮಾಡಿದ್ದಂತೆ. ಉಸಿರು, ಆಮ್ಲಜನಕ, ನಾಡಿ, ಬಿ.ಪಿ., ಜ್ವರ, ಎಚ್ಚರ, ಒಂದೊಂದಕ್ಕೂ ಅಂಕ. ಎಲ್ಲ ಸರಿಯಿದ್ದರೆ ಸೊನ್ನೆ, ಅಂಕ ಏರಿದಷ್ಟೂ ಬೇಗ ಡಾಕ್ಟರನ್ನು ಕರೆಯಬೇಕು. ಉಸಿರು ನಿಮಿಷಕ್ಕೆ 12ರಿಂದ 20 ಇದ್ದರೆ ಅಂಕವಿಲ್ಲ. 25 ಮುಟ್ಟಿದರೆ ಅದೊಂದಕ್ಕೇ 3. ನಾಡಿ, ಬಿ.ಪಿ. ಕೈಕೊಡುವ ಎಷ್ಟೋ ಮೊದಲೇ ಮೈ ಉಸಿರಿನಲ್ಲಿ ಹೇಳಿಕೊಂಡಿರುತ್ತದೆ, ಎಣಿಸದೆ ಅಂದಾಜಿಗೆ ಬರೆದುಬಿಡುವುದೂ ಅದನ್ನೇ ಅಂದಳು.

‘2017ರಲ್ಲಿ ಅದನ್ನ ತಿದ್ದಿದ್ರು ಮಾವ. ಹೊಸದಾಗಿ ಶುರುವಾದ ಗಲಿಬಿಲಿ ಅಂತ ಒಂದನ್ನ ಸೇರಿಸಿದ್ರು. ಅದಕ್ಕೂ 3 ಅಂಕ. ವಯಸ್ಸಾದವರಿಗೆ ಸೋಂಕಾದ್ರೆ ಎಷ್ಟೋ ಸಲ ಜ್ವರಾನೇ ಬರಲ್ಲ, ಮೊದಲು ಮಾತು ತಪ್ಪುತ್ತೆ. ಅಜ್ಜಿ ಬೋರಿ ಅಂದ್ರಲ್ಲ, ಅದು.’

ಹೊಸದಾಗಿ ಅನ್ನುವ ಮಾತಿನ ಮೇಲೆ ನನ್ನ ಮನಸ್ಸು ನಿಂತಿತು. ಹೊಸದು ಅಂತ ಗೊತ್ತಾಗಬೇಕಾದರೆ ಹಳೆಯದು ಹೇಗಿತ್ತು ಅಂತ ಯಾರೋ ನೋಡಿಟ್ಟಿರಬೇಕಲ್ಲ. ಡಾಕ್ಟರು ದಿನಕ್ಕೆ ಒಂದೆರಡು ಸಲ ಬರುತ್ತಾರೆ. ಯಂತ್ರ ಆ ಕ್ಷಣದ ಅಂಕಿ ಹೇಳುತ್ತದೆ. ನಿನ್ನೆಯ ಮುಖವನ್ನು ಇವತ್ತಿನ ಮುಖದ ಪಕ್ಕ ಇಟ್ಟು ನೋಡುವವರು ನರ್ಸುಗಳು ಮಾತ್ರ. ಅದಕ್ಕೆ ಬೇಕಾದದ್ದು ಹೊತ್ತು. ಆ ರಾತ್ರಿ ಎರಡು ವಾರ್ಡಿಗೂ ಸೇರಿ ಸಿಸ್ಟರಮ್ಮ ಒಬ್ಬರೇ ಇದ್ದರು. ಅಷ್ಟು ಜನರ ನಡುವೆ ನನ್ನ ಅವ್ವನಿಗೆ ಪೂರ್ತಿ ಒಂದು ನಿಮಿಷ, ಗಂಟೆಗೊಂದು ಸಲ, ಅವರು ಎಲ್ಲಿಂದ ತಂದರೋ. ನರ್ಸು ಕಡಿಮೆ ಇರುವ ವಾರ್ಡು ಕಂಡರೆ ನನಗೆ ಇಂದಿಗೂ ಸಂಕಟವಾಗುತ್ತದೆ, ಅಲ್ಲಿ ಯಾರ ನಿಮಿಷ ತಪ್ಪಿಹೋಯಿತೋ ಅಂತ.

ಅವರ ಮೇಜಿನ ಹಿಂದೆ, ಗೋಡೆಗೆ, ದೀಪ ಹಿಡಿದ ಫ್ಲಾರೆನ್ಸ್ ನೈಟಿಂಗೇಲ್ ಚಿತ್ರ ಇತ್ತು. ಹುಟ್ಟಿದ್ದು 1820ರ ಮೇ 12, ಅದೇ ದಿನ ನರ್ಸುಗಳ ದಿನಾಚರಣೆ. 1854ರಲ್ಲಿ ಯುದ್ಧದ ಆಸ್ಪತ್ರೆಗೆ ಹೋದ ಆಕೆ, ಸೈನಿಕರು ಗಾಯಕ್ಕಿಂತ ಹೆಚ್ಚಾಗಿ ರೋಗಗಳಿಂದ ಸಾಯುತ್ತಿದ್ದಾರೆ ಅಂತ ಅಂಕಿ ಅಂಶ ಹಾಕಿ ತೋರಿಸಿದವಳು. ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞರ ಸಂಘಕ್ಕೆ ಸದಸ್ಯೆಯಾದ ಮೊದಲ ಹೆಣ್ಣು. ಇದನ್ನು ಓದಿದ ಮೇಲೆ ನನಗೆ ಆ ಚಿತ್ರದಲ್ಲಿ ದೀಪದ ಜೊತೆ ಒಂದು ಲೆಕ್ಕದ ಪುಸ್ತಕವೂ ಇರಬೇಕಿತ್ತು ಅನ್ನಿಸಿದೆ.

ಅವ್ವ ನಿಧಾನಕ್ಕೆ ಚೇತರಿಸಿಕೊಂಡಳು. ಎರಡು ದಿನಕ್ಕೆ ತಾತ ಮಂಚದ ಕಾಲ್ದೆಸೆ ಬಿಟ್ಟು ಹೋದ. ಬಾಟಲಿ ಊದುವುದನ್ನು ಈಗ ನಾಚಿಕೆಯಿಲ್ಲದೆ ಮಾಡುತ್ತಿದ್ದಳು, ಪಕ್ಕದ ಮಂಚದ ಅಜ್ಜಿಗೂ ಕಲಿಸಿದಳು. ಕೂತು ಉಂಡಳು. ಮಾರ್ಲಮಿ ಎಡೆಯನ್ನು ಆ ವರ್ಷ ಊರಲ್ಲಿ ತಮ್ಮ ಇಟ್ಟ. ವಾಕರ್ ಹಿಡಿದು ಮೊದಲ ಸಲ ನಿಂತಾಗ ಎರಡೂ ಕಡೆಯ ಮಂಚಗಳವರು ಎದ್ದು ನೋಡಿದರು. ಎಲ್ಲ ಸೇರಿ ಎಷ್ಟು ದಿನ ಇದ್ದೆವೋ, ಮೂರು ವಾರಕ್ಕೆ ಕಡಿಮೆಯಿಲ್ಲ.

ಮನೆಗೆ ಹೊರಟ ದಿನ ಬಿಸಿಲು ಬಂದಿತ್ತು. ಅದೇ ಬಾಳೆಗೊನೆಯ ಟೆಂಪೋ ಗೇಟಿನ ಹತ್ತಿರ ನಿಂತು ಹಾರನ್ ಹೊಡೆಯುತ್ತಿತ್ತು. ಸಿಸ್ಟರಮ್ಮನಿಗೆ ಅಂತ ಭಾವ ಒಂದು ಗೊನೆ ಏಲಕ್ಕಿ ಬಾಳೆ ತಂದಿದ್ದರು. ಅವರು ನಾಲ್ಕು ಹಣ್ಣು ಕಿತ್ತುಕೊಂಡು ಉಳಿದದ್ದನ್ನು ವಾರ್ಡಿಗೆ ಹಂಚಿಸಿದರು. ಅವ್ವ ಮಂಚದ ಅಂಚಿನಲ್ಲಿ ಕೂತು, ವಾಕರ್ ಹಿಡಿದು, ಅವರನ್ನೇ ನೋಡುತ್ತಿದ್ದಳು.

‘ಸಿಸ್ಟ್ರವ್ವ, ನೀವು ನನ್ನ ಎಷ್ಟು ಸಲ ಕೇಳಿದ್ರಿ. ಈಗ ನೀವು ಹೇಳಿ ನೋಡವ, ನನ್ನ ಹಟ್ಟಿ ಹಸಗಳ ಹೆಸ್ರ.’

‘ಕೆಂದಿ, ಗೌರಿ’ ಅಂದರು ಸಿಸ್ಟರಮ್ಮ. ಒಂದು ಗಳಿಗೆ ನಿಂತರು. ‘ಮಲ್ಲಿ. ನಿಮ್ಮನ್ನ ಬೀಳ್ಸಿದ್ದು ಮಲ್ಲಿ ತಾನೆ?’

‘ಮಲ್ಲಿ ಬೀಳ್ಸಲಿಲ್ಲ ಕನವ್ವ. ಕಲ್ಲು ಜಾರ್ತು’ ಅಂತ ಅವ್ವ ಕರುವಿನ ಪರ ನಿಂತಳು.

ಸಿಸ್ಟರಮ್ಮ ನಕ್ಕರು. ನಗುತ್ತಲೇ ಅವ್ವನ ಮಣಿಕಟ್ಟು ಹಿಡಿದರು. ಟೆಂಪೋದವನು ಮತ್ತೆ ಹಾರನ್ ಹೊಡೆದ. ಭಾವ ಚೀಲ ಎತ್ತಿಕೊಂಡರು. ನಾನು ಇರಿ ಅಂತ ಕೈ ಮಾಡಿದೆ. ಅವರ ಕಣ್ಣು ಅವ್ವನ ಎದೆಯ ಮೇಲಿತ್ತು, ಆಗಾಗ ಆ ತಲೆಕೆಳಗಿನ ಗಡಿಯಾರಕ್ಕೆ ಇಳಿಯುತ್ತಿತ್ತು. ಪೂರ್ತಿ ಒಂದು ನಿಮಿಷ.

‘16’ ಅಂದರು. ಪುಸ್ತಕದಲ್ಲಿ ಬರೆದುಕೊಂಡು, ಪಕ್ಕದ ಮಂಚಕ್ಕೆ ಹೋದರು.